ಮೊದಲು ಕಣ್ಣು, ಆಮೇಲೆ ಭುಜ

ನಿನ್ನೆ ಗುರುವಾರ ಸಂಜೆ ಮಗನ ಶಾಲಾ ತಂಡದ ಅಮೆರಿಕನ್ ಫುಟ್‌ಬಾಲ್ ಪಂದ್ಯ ನೋಡಿ ಬಂದವನಿಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಸೋತದ್ದಕ್ಕಲ್ಲ. ಸೋತ ಹುಡುಗರನ್ನು ಮಂಡಿಯೂರಿ ಕೂರಿಸಿ ತರಬೇತುದಾರರು, "ನಿಮಗೆ ಹೊಡೆಯುವ ಧೈರ್ಯವೇ ಇಲ್ಲ" ಎಂದು ಕೂಗಿದ್ದಕ್ಕೆ.

ಧೈರ್ಯವಂತೆ! ಎದುರಾಳಿಗಳು ನಾಲ್ಕು ಸಲ ಒಂದೇ ಆಟ ಆಡಿದರು, ಕೌಂಟರ್. ಚೆಂಡು ಪಡೆಯುವ ರನ್ನಿಂಗ್ ಬ್ಯಾಕ್ ಮೊದಲು ಒಂದು ಕಡೆಗೆ ಸುಳ್ಳು ಹೆಜ್ಜೆ ಹಾಕುತ್ತಾನೆ. ಅಷ್ಟರಲ್ಲಿ ಅವನಿಗೆ ದಾರಿ ಮಾಡಿಕೊಡುವ ಮುಂಸಾಲಿನವರಲ್ಲಿ ಆ ಕಡೆಯ ಇಬ್ಬರು, ಗಾರ್ಡ್ ಮತ್ತು ಟ್ಯಾಕಲ್, ತಮ್ಮ ಜಾಗ ಬಿಟ್ಟು, ಸಾಲಿನ ಹಿಂದಿನಿಂದ ಇನ್ನೊಂದು ಕಡೆಗೆ ಓಡುತ್ತಾರೆ. ಅವರ ಬೆನ್ನಿಗೇ ಚೆಂಡು. ನಮ್ಮ ಲೈನ್‌ಬ್ಯಾಕರ್‌ಗಳು, ಅಂದರೆ ರಕ್ಷಣೆಯ ಮುಂಸಾಲಿನ ಹಿಂದೆ ನಿಲ್ಲುವವರು, ನಾಲ್ಕೂ ಸಲ ಆ ಸುಳ್ಳು ಹೆಜ್ಜೆಯನ್ನು ನಂಬಿದರು. ಪೂರ್ತಿ ವೇಗದಲ್ಲಿ, ಪೂರ್ತಿ ಧೈರ್ಯದಿಂದ, ತಪ್ಪು ಕಡೆಗೆ ಓಡಿದರು.

ಗಾರ್ಡನ್ನು ನೋಡು ಎಂದು ಅವರಿಗೆ ಯಾರೂ ಕಲಿಸಿಯೇ ಇಲ್ಲ. ಆಗಸ್ಟ್‌ನ ಟೆಕ್ಸಾಸ್ ಬಿಸಿಲಿನಿಂದ ಇಲ್ಲಿಯವರೆಗೆ ನಾನು ಕಂಡ ಅಭ್ಯಾಸವೆಂದರೆ ಇಬ್ಬರನ್ನು ಎದುರುಬದುರು ನಿಲ್ಲಿಸಿ ಡಿಕ್ಕಿ ಹೊಡೆಸುವುದು, ಸದ್ದು ಜೋರಾದರೆ ಚಪ್ಪಾಳೆ ತಟ್ಟುವುದು.

ಲೈನ್‌ಬ್ಯಾಕರ್ ನಿಲ್ಲುವುದು ಚೆಂಡಿನಿಂದ ನಾಲ್ಕೈದು ಗಜ ಹಿಂದೆ. ಆ ನಾಲ್ಕೈದು ಗಜ ಇರುವುದೇ ನೋಡುವುದಕ್ಕೆ. ಗಾರ್ಡ್ ತಲೆ ತಗ್ಗಿಸಿ ಮುಂದೆ ನುಗ್ಗಿದರೆ ಓಟ, ತಲೆಯೆತ್ತಿ ಹಿಂದೆ ಸರಿದರೆ ಬಹುಪಾಲು ಪಾಸ್, ಅಂದರೆ ಚೆಂಡೆಸೆತ. ಪಕ್ಕಕ್ಕೆ ಓಡಿದನೆಂದರೆ ಅವನೊಂದಿಗೇ ಓಡಬೇಕು, ಹೆಚ್ಚಿನ ಸಲ ಚೆಂಡು ಅಲ್ಲಿಗೇ ಬರುತ್ತದೆ. ಚೆಂಡು ಹಿಡಿದು ಓಡುವವನನ್ನು ಅಂಕಣದ ಒಳಗಿನಿಂದ ಹೊರ ಅಂಚಿನ ಕಡೆಗೆ, ಅವನಿಗಿಂತ ಅರ್ಧ ಹೆಜ್ಜೆ ಹಿಂದೆ ಉಳಿದು ಬೆನ್ನಟ್ಟಬೇಕು. ಆತುರಪಟ್ಟು ದಾಟಿಹೋದರೆ ಅವನು ಥಟ್ಟನೆ ಒಳಕ್ಕೆ ತಿರುಗಿ ಪಾರಾಗುತ್ತಾನೆ. ಭುಜಕ್ಕೆ ಕೆಲಸ ಬರುವುದು ಇಷ್ಟೆಲ್ಲ ಆದ ಮೇಲೆ.

ಮಂಡ್ಯದಲ್ಲಿ ನಾನು ಕಬಡ್ಡಿ ಆಡುತ್ತಿದ್ದೆ. ಕಾರ್ನರ್‌ನಲ್ಲಿ ನಿಂತವನು ರೈಡರ್‌ನ ಕೈ ನೋಡಿದರೆ ಕೆಟ್ಟ, ಕಾಲು ನೋಡಬೇಕು. ಮಣ್ಣಿನ ಅಂಕಣದಲ್ಲಿ ನಮಗೆ ಹೇಳಿಕೊಟ್ಟಿದ್ದ ಈ ಪಾಠ ಇಷ್ಟು ದೊಡ್ಡ ಕ್ರೀಡಾಂಗಣ ಕಟ್ಟಿರುವ ಶಾಲೆಯಲ್ಲಿ ಇಲ್ಲವೆಂದರೆ ಹೊಟ್ಟೆ ಉರಿಯುತ್ತದೆ.

"ಹೆಚ್ಚು ಹೇಳಿಕೊಟ್ಟರೆ ಹುಡುಗರು ಯೋಚಿಸುತ್ತಾ ನಿಂತುಬಿಡುತ್ತಾರೆ" ಎಂದರು ಇನ್ನೊಬ್ಬ ಹುಡುಗನ ತಂದೆ. ನಾನು ಒಪ್ಪುವುದಿಲ್ಲ. ಯೋಚಿಸುತ್ತಾ ನಿಲ್ಲುವವನು ಎಲ್ಲಿ ನೋಡಬೇಕೆಂದು ತಿಳಿಯದವನು. ಕೆರೊಲಿನಾ ಪ್ಯಾಂಥರ್ಸ್ ತಂಡದ ಲೈನ್‌ಬ್ಯಾಕರ್ ಲ್ಯೂಕ್ ಕೀಕ್ಲಿ 2013ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ. ಎದುರಾಳಿಯ ಆಟವನ್ನು ಚೆಂಡು ಕದಲುವ ಮೊದಲೇ ಓದುತ್ತಿದ್ದುದೇ ಅವರ ಹೆಸರಿಗೆ ಕಾರಣ. ಜ್ಯಾಕ್ ಥಾಮಸ್ ಲೈನ್‌ಬ್ಯಾಕರ್‌ಗೆ ಕುಳ್ಳು ಎನಿಸಿಕೊಂಡವರು, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ 1996ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಐದನೇ ಸುತ್ತಿನವರೆಗೂ ಅವರನ್ನು ಯಾರೂ ಕರೆಯಲಿಲ್ಲ. ಪಂದ್ಯಗಳ ಚಿತ್ರೀಕರಣವನ್ನು ಮತ್ತೆ ಮತ್ತೆ ನೋಡಿ ಕಲಿತ ಅವರು 2023ರಲ್ಲಿ ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಇವರನ್ನು ಯಾರಾದರೂ ನಿಧಾನ ಎಂದಾರೆಯೇ? ಇದೇ ಕೌಂಟರ್ ಆಟವನ್ನು ನೆಚ್ಚಿಕೊಂಡು 1988ರ ಸೂಪರ್ ಬೌಲ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ಫೈನಲ್‌ನಲ್ಲಿ, ವಾಷಿಂಗ್ಟನ್‌ನ ಟಿಮ್ಮಿ ಸ್ಮಿತ್ 204 ಗಜ ಓಡಿದರು. ಡೆನ್ವರ್‌ನ ವೃತ್ತಿಪರರನ್ನೇ ಕೆಡವಿದ ಆಟಕ್ಕೆ ಹದಿನೈದರ ಹುಡುಗರು ಸಿಕ್ಕಿಬಿದ್ದರೆ ಅವರನ್ನು ಹೇಡಿಗಳೆನ್ನುವುದು ಅನ್ಯಾಯ.

ಒಂದು ಮಾತು ಇದುವರೆಗೆ ಯಾರಿಗೂ ಹೇಳಿಲ್ಲ. ಎರಡು ವರ್ಷದ ಹಿಂದೆ ನಾನೂ ಗ್ಯಾಲರಿಯಿಂದ "ಹೊಡಿ, ಹೊಡಿ" ಎಂದು ಕನ್ನಡದಲ್ಲೇ ಕೂಗುತ್ತಿದ್ದೆ. ಒಂದು ದಿನ ನನ್ನ ದನಿ ಕೇಳಿ ಮಗ ತಲೆ ತಗ್ಗಿಸಿ ನುಗ್ಗಿದ. "ಅಪ್ಪಾ, ಕುತ್ತಿಗೆಯಿಂದ ಬೆರಳ ತುದಿಯವರೆಗೆ ಉರಿಯುತ್ತಿದೆ" ಎಂದು ಆ ರಾತ್ರಿ ಅತ್ತ. ದಾರಿ ತಪ್ಪಿ ತಡವಾಗಿ ತಲುಪುವ ಹುಡುಗನೇ ಹೀಗೆ ತಲೆ ಮುಂದೆ ಮಾಡಿ ಎಗರುವುದು. ಕಣ್ಣಿಗೆ ಕಲಿಸದ ತಪ್ಪನ್ನು ಕುತ್ತಿಗೆ ತೀರಿಸುತ್ತದೆ. ಅಂದಿನಿಂದ ನಾನು ಆ ಪದ ಕೂಗಿಲ್ಲ.

ಇವತ್ತು ಸಂಜೆ ಗ್ಯಾರೇಜಿನ ಮುಂದೆ ನಮ್ಮವೆರಡು, ಪಕ್ಕದ ಮನೆಯವೆರಡು ಕಸದ ಡಬ್ಬಿಗಳನ್ನು ಸಾಲಾಗಿ ಇಟ್ಟೆ. ಮಗಳು ಗಾರ್ಡ್, ನಾನು ರನ್ನಿಂಗ್ ಬ್ಯಾಕ್. ಡಿಕ್ಕಿ ಇಲ್ಲ, ಬರೀ ನಡಿಗೆ. ಮೊದಲ ಐದು ಸಲ ಮಗ ನನ್ನ ಸುಳ್ಳು ಹೆಜ್ಜೆಗೆ ಬಿದ್ದ. ಆರನೆಯ ಸಲ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಂಗಿಯ ಕಾಲು ಕದಲಿದ್ದೇ ತಡ, ಅವಳೊಂದಿಗೇ ಹೊರಟ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಆಡುತ್ತೇವೆ. ಹತ್ತಿರವಿರುವವರು ಮಕ್ಕಳನ್ನು ಕಳುಹಿಸಿ, ಹೆಲ್ಮೆಟ್ ಬೇಡ.