ಭಾವನ ಕಿವಿಗೆ ಬೆಳ್ಳಿ ವೈರು

ಹೆಡ್‌ಫೋನ್ ಯಾರು ಬೇಕಾದರೂ ಕೊಳ್ಳಬಹುದು. ಅದಕ್ಕೆ ಬೇರೆ ವೈರು ಕೊಳ್ಳೋದಕ್ಕೆ ಮಾತ್ರ ಪೂರ್ವಜನ್ಮದ ಪುಣ್ಯ ಬೇಕು. ಡಬ್ಬದೊಳಗೇ ಒಂದು ವೈರು ಬಂದಿರುತ್ತೆ, ಅದರಲ್ಲಿ ಹಾಡೂ ಬರುತ್ತೆ. ಆದರೆ ಅದನ್ನೇ ಹಾಕಿಕೊಂಡು ಕೇಳುವವರನ್ನು ಈ ಪಂಥದವರು ಪಂಕ್ತಿಯಲ್ಲಿ ಕೂರಿಸುವುದಿಲ್ಲ.

ಇಲ್ಲಿ ತಾಮ್ರಕ್ಕೂ ಮಡಿ-ಮೈಲಿಗೆ ಇದೆ. ಶೇ 99.99 ಶುದ್ಧವಾದರೆ ನಾಲ್ಕು ಒಂಬತ್ತು, ಅಂದರೆ '4ಎನ್'. ಅದು ನಮ್ಮಂಥವರಿಗೆ. ಶೇ 99.9999 ಆದರೆ '6ಎನ್', ಸ್ವಲ್ಪ ಮೇಲಿನವರಿಗೆ. ಆಮೇಲೆ ಬೆಳ್ಳಿ ಲೇಪಿಸಿದ್ದು, ಅದಕ್ಕೂ ಮೇಲೆ ಅಪ್ಪಟ ಬೆಳ್ಳಿಯದು. ಕೆಲವು ವೈರುಗಳನ್ನು ದ್ರವ ಸಾರಜನಕದ ಚಳಿಯಲ್ಲಿಟ್ಟು ತೆಗೆದಿರುತ್ತಾರೆ. ಮೈನಸ್ 196 ಡಿಗ್ರಿ. ಹಾಗೆ ನಡುಗಿದ ಲೋಹದಲ್ಲಿ ವೀಣೆ ಇನ್ನೂ ಚೆನ್ನಾಗಿ ಕೇಳುತ್ತಂತೆ.

ನಮ್ಮ ಭಾವ ತರಿಸಿದ್ದು ಅಪ್ಪಟ ಬೆಳ್ಳಿಯದು. ಪೆಟ್ಟಿಗೆಗೆ ಮ್ಯಾಗ್ನೆಟ್ ಮುಚ್ಚಳ, ಒಳಗೆ ಮಖಮಲ್ಲು. ಅಕ್ಕ ಒಡವೆ ಅಂದುಕೊಂಡು ಸೆರಗಿಗೆ ಕೈ ಒರೆಸಿಕೊಂಡು ಬಂದಳು. ನೋಡಿದರೆ ನಾಲ್ಕೆಳೆ ಜಡೆ ಹೆಣೆದ ವೈರು. ಬೆಲೆ ಹೆಡ್‌ಫೋನಿಗಿಂತ ಜಾಸ್ತಿ. "ಎಷ್ಟು ಗ್ರಾಂ ಬರುತ್ತೆ ರೀ?" ಅಂದಳು. ಭಾವನಿಗೆ ಸಿಟ್ಟೇ ಬಂತು. ನಾದವನ್ನು ತಕ್ಕಡಿಯಲ್ಲಿ ತೂಗಬಾರದಂತೆ.

ನಾನು ತೂಗಿದೆ, ಪೆನ್ಸಿಲ್ಲಿನಲ್ಲಿ. 26 ಗೇಜಿನ ನಾಲ್ಕೆಳೆ, ಉದ್ದ 1.2 ಮೀಟರ್. ಬೆಳ್ಳಿ ಆರೂವರೆ ಗ್ರಾಂ ಆಸುಪಾಸು. ಒಂದು ಜೊತೆ ಕಾಲುಂಗುರಕ್ಕೆ ಸಾಕು. ಉಳಿದ ದುಡ್ಡೆಲ್ಲ ಕೂಲಿ ಮತ್ತು ವೇಸ್ಟೇಜ್. ಚಿಕ್ಕಪೇಟೆಯ ಯಾವ ಬೆಳ್ಳಿ ಅಂಗಡಿಯವನಾದರೂ ಇಷ್ಟು ವೇಸ್ಟೇಜ್ ಹಾಕಿದ್ದರೆ ಅಕ್ಕ ಅಲ್ಲೇ ಬೀದಿಯಲ್ಲಿ ಪಂಚಾಯ್ತಿ ಸೇರಿಸುತ್ತಿದ್ದಳು.

ಬೆಳ್ಳಿಯಲ್ಲಿ ಕರೆಂಟು ತಾಮ್ರಕ್ಕಿಂತ ಸಲೀಸಾಗಿ ಹರಿಯುತ್ತೆ, ಅದು ಸುಳ್ಳಲ್ಲ. ಎಷ್ಟು ಸಲೀಸು? ಶೇ 5-6ರಷ್ಟು. ತಾಮ್ರದ ವೈರನ್ನು ಅಷ್ಟರ ಮಟ್ಟಿಗೆ ಹೆಚ್ಚು ದಪ್ಪ ಮಾಡಿದರೆ ಲೆಕ್ಕ ಚುಕ್ತಾ. ವೈರಿನ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ಅಡ್ಡಿ, ಅರ್ಧ ಓಮ್ ಅಂತಲೇ ಇಟ್ಟುಕೊಳ್ಳಿ. 32 ಓಮಿನ ಹೆಡ್‌ಫೋನಿನಲ್ಲಿ ಅದರಿಂದ ಕಮ್ಮಿಯಾಗುವ ಸದ್ದು ಸುಮಾರು 0.13 ಡೆಸಿಬೆಲ್. 300 ಓಮಿನದಾದರೆ ಅದರ ಹತ್ತನೇ ಒಂದು ಪಾಲು. ಹಾಡು ಕೇಳುವಾಗ ಒಂದು ಡೆಸಿಬೆಲ್ ಹೆಚ್ಚುಕಮ್ಮಿಯನ್ನು ಗುರುತಿಸೋದಕ್ಕೇ ನಮ್ಮ ನಿಮ್ಮ ಕಿವಿ ತಿಣುಕುತ್ತೆ.

ಅದೂ ಹೋಗಲಿ. ಹೆಡ್‌ಫೋನಿನೊಳಗೆ, ಕಂಪಿಸುವ ಪೊರೆಗೆ ಅಂಟಿಕೊಂಡು, ಒಂದು ತಂತಿಸುರುಳಿ ಇರುತ್ತೆ. ಕೂದಲಿನಷ್ಟು ಸಣ್ಣ ತಂತಿ. ಆ 32 ಓಮ್ ಹೆಚ್ಚುಕಡಿಮೆ ಪೂರ್ತಿ ಅದರದ್ದೇ. ಬೆಳ್ಳಿಯ ರಾಜಬೀದಿಯಲ್ಲಿ ಮೆರವಣಿಗೆ ಬಂದ ನಾದ ಕೊನೆಗೆ ಈ ಓಣಿಯಲ್ಲಿ ಮೈ ಉಜ್ಜಿಕೊಂಡೇ ನುಗ್ಗಬೇಕು. ಇದನ್ನು ಹೇಳಿದರೆ ಭಾವ ನನ್ನನ್ನು ಕರುಣೆಯಿಂದ ನೋಡುತ್ತಾರೆ.

ನ್ಯಾಯವಾಗಿ ಒಂದು ಮಾತು. ಕಿವಿಯೊಳಗೆ ಸಿಕ್ಕಿಸುವ, ಒಂದೊಂದರಲ್ಲೂ ನಾಲ್ಕೈದು ಡ್ರೈವರ್, ಅಂದರೆ ಪುಟಾಣಿ ಸ್ಪೀಕರ್, ತುಂಬಿದ ಇಯರ್‌ಫೋನುಗಳಿವೆ. ಅವುಗಳಲ್ಲಿ ಕೆಲವಕ್ಕೆ ರೋಧ ಒಂದೊಂದು ಸ್ವರಕ್ಕೆ ಒಂದೊಂದು ಥರ. ಅಂಥದ್ದಕ್ಕೆ ತೀರಾ ಸಪೂರ ವೈರು ಹಾಕಿದರೆ ಸದ್ದು ಕೊಂಚ ಬದಲಾಗೋದು ನಿಜ. ಆದರೆ ಅದಕ್ಕೆ ಮದ್ದು ಸ್ವಲ್ಪ ದಪ್ಪನೆಯ ತಾಮ್ರ. ಮಖಮಲ್ಲಿನ ಪೆಟ್ಟಿಗೆಯಲ್ಲ.

ವೈರು ಬಂದ ರಾತ್ರಿ ಭಾವ ಮಲ್ಲಿಕಾರ್ಜುನ ಮನ್ಸೂರರ ಒಂದು ಹಳೇ 78 ಆರ್‌ಪಿಎಂ ರೆಕಾರ್ಡು ಹಾಕಿಕೊಂಡರು. ಯೂಟ್ಯೂಬಿನಲ್ಲಿ. ಕಣ್ಣಲ್ಲಿ ನೀರೇ ಬಂತು ಪಾಪ.

"ಪರದೆ ಸರಿಸಿದ ಹಾಗಾಯ್ತು ಕಣೋ. ತಬಲಾದವರು ಎಡಗಡೆ ಕೂತಿದ್ದಾರೆ ನೋಡು!"

ಆ ಕಾಲದ ರೆಕಾರ್ಡು ಮೋನೋ. ಅದರಲ್ಲಿ ಎಡವೂ ಇಲ್ಲ, ಬಲವೂ ಇಲ್ಲ. ಗಾಯಕರು, ಹಾರ್ಮೋನಿಯಂ, ತಬಲಾ, ಕರಕರ ಸದ್ದು ಎಲ್ಲಾ ಒಂದೇ ಜಾಗದಲ್ಲಿ. ತಬಲಾದವರನ್ನು ಇಷ್ಟು ವರ್ಷದ ಮೇಲೆ ಎಬ್ಬಿಸಿ ಎಡಕ್ಕೆ ಕೂರಿಸಿದ್ದು ಆ ಆರೂವರೆ ಗ್ರಾಂ ಬೆಳ್ಳಿಯೇ ಇರಬೇಕು.

ಇನ್ನೊಂದು ಗುಟ್ಟಿದೆ. ಹಳೇ ವೈರಿನ ಪಿನ್ನು 3.5 ಎಂಎಂ, ಹೊಸದರದ್ದು 4.4 ಎಂಎಂ 'ಬ್ಯಾಲೆನ್ಸ್ಡ್', ಅಂದರೆ ಒಂದೊಂದು ಕಿವಿಗೂ ಬೇರೆ ಬೇರೆ ಜೋಡಿ ತಂತಿ. ಎಷ್ಟೋ ಆಂಪ್ಲಿಫಯರುಗಳಲ್ಲಿ ಆ ದಪ್ಪ ತೂತಿನಿಂದ ಬರುವ ಸದ್ದೇ ಜೋರು. ಜೋರಾದದ್ದು ಕಿವಿಗೆ ಚೆನ್ನಾಗಿದೆ ಅನ್ನಿಸುತ್ತೆ. ದುಡಿದದ್ದು ಆಂಪ್ಲಿಫಯರ್, ಹಾರ ಹಾಕಿಸಿಕೊಂಡದ್ದು ವೈರು.

"ಭಾವ, ಕಣ್ಣು ಮುಚ್ಚಿ ಕೂತ್ಕೊಳ್ಳಿ. ಸದ್ದು ಸಮ ಮಾಡಿ ನಾನು ವೈರು ಬದಲಾಯಿಸ್ತೀನಿ. ಯಾವುದು ಅಂತ ನೀವು ಹೇಳಿ" ಅಂದೆ.

ಇವತ್ತು ಬೇಡ ಅಂದರು. ವೈರು ಇನ್ನೂ 'ಬರ್ನ್-ಇನ್' ಆಗಿಲ್ಲ, ಇನ್ನೂರು ಗಂಟೆ ಹಾಡಿ ಹದಕ್ಕೆ ಬರಬೇಕು. ಬಂದ ಮೇಲೆ? ಪರೀಕ್ಷೆ ಅಂದರೆ ಮನಸ್ಸು ಗಟ್ಟಿಯಾಗುತ್ತೆ, ಗಟ್ಟಿಯಾದ ಮನಸ್ಸಿಗೆ ಸೂಕ್ಷ್ಮ ಕೇಳೋದಿಲ್ಲ. ಅಂದರೆ ಈ ವೈರಿನ ಮಹಿಮೆ ಕಣ್ಣು ತೆರೆದಾಗ ಮಾತ್ರ ಕಿವಿಗೆ ಬೀಳುತ್ತೆ, ಅಲ್ವಾ?

ಭಾವನನ್ನೊಬ್ಬರನ್ನೇ ದೂರಿ ಫಲವಿಲ್ಲ. ಅಮೆರಿಕದಲ್ಲಿ ಪೇರ್ ಕೇಬಲ್ ಅನ್ನುವ ಕಂಪನಿ ಸ್ಪೀಕರಿಗೆ ಹಾಕುವ 12 ಅಡಿಯ ಒಂದು ಜೊತೆ ವೈರನ್ನು 7,250 ಡಾಲರಿಗೆ ಮಾರುತ್ತಿತ್ತು. 2007ರಲ್ಲಿ ಜಾದೂಗಾರ ಜೇಮ್ಸ್ ರ್‍ಯಾಂಡಿ ಒಂದು ಸವಾಲು ಹಾಕಿದರು. ಸಾಮಾನ್ಯ ವೈರಿಗಿಂತ ಇದು ಮೇಲು ಅಂತ, ಯಾವುದು ಯಾವುದೆಂದು ತಿಳಿಯದ ಹಾಗೆ ಕೇಳಿ ತೋರಿಸಿ, ಹತ್ತು ಲಕ್ಷ ಡಾಲರ್ ಒಯ್ಯಿರಿ ಅಂತ. ಏಳು ಸಾವಿರ ಕೊಟ್ಟವರು ಹತ್ತು ಲಕ್ಷಕ್ಕೆ ಸಾಲುಗಟ್ಟಿ ನಿಲ್ಲಬೇಕಿತ್ತು. ಆ ದುಡ್ಡನ್ನು ಯಾರೂ ಒಯ್ಯಲಿಲ್ಲ. ಮರುವರ್ಷ ಡೆನಾನ್ ಕಂಪನಿಯ ಒಂದೂವರೆ ಮೀಟರ್ ನೆಟ್‌ವರ್ಕ್ ಕೇಬಲ್ ಸುದ್ದಿಯಾಯಿತು. ಬೆಲೆ 499 ಡಾಲರ್. ಸಂಕೇತ ಯಾವ ಕಡೆ ಹೋಗಬೇಕು ಅಂತ ಅದರ ಮೇಲೆ ಬಾಣದ ಗುರುತು ಬೇರೆ. ಅದರಲ್ಲಿ ಹರಿಯೋದು ಬರೀ ಸೊನ್ನೆ ಮತ್ತು ಒಂದು. ದಾರಿ ತಪ್ಪಿ ವಾಪಸ್ ಬಂದುಬಿಟ್ಟಾವು ಅನ್ನೋ ಕಾಳಜಿ.

ವೈರು ಬದಲಾಯಿಸಲೇಬಾರದು ಅಂತಲ್ಲ. ಪಿನ್ನಿನ ಬುಡದಲ್ಲಿ ಎಳೆ ಮುರಿದಿರುತ್ತೆ. ಒಂದೇ ಕಿವಿಗೆ ಹಾಡು, ವೈರನ್ನು ಒಂದು ಕೋನಕ್ಕೆ ಬಗ್ಗಿಸಿ ಹಿಡಿದರೆ ಇನ್ನೊಂದಕ್ಕೂ. ಆಗ ಎಸ್.ಪಿ. ರೋಡಿಗೆ ಹೋಗಿ ಹೊಸ ಪಿನ್ನು ಕೊಂಡು ಬೆಸುಗೆ ಹಾಕಿಸಿ. ಆ ವ್ಯತ್ಯಾಸ ಪಕ್ಕದ ಮನೆಯ ಅಜ್ಜಿಗೂ ಗೊತ್ತಾಗುತ್ತೆ.

ಭಾವ ಈಗ ವೈರು ದಾಟಿ ಕರೆಂಟಿಗೆ ಕೈ ಹಾಕಿದ್ದಾರೆ. ಗೋಡೆಯಿಂದ ಬರುವ ವಿದ್ಯುತ್ತೇ ಮೈಲಿಗೆಯಂತೆ. ಪಕ್ಕದ ಮನೆಯ ಮಿಕ್ಸಿ, ಎದುರು ಮನೆಯ ಬೋರ್‌ವೆಲ್ ಮೋಟರು, ಎಲ್ಲವೂ ಅದೇ ತಂತಿಯಲ್ಲಿ ಸ್ನಾನ ಮಾಡಿರುತ್ತವೆ. ಜಪಾನಿನಲ್ಲಿ ಒಬ್ಬ ವಕೀಲರು ಇದೇ ಚಿಂತೆಯಲ್ಲಿ ಸುಮಾರು 10,000 ಡಾಲರ್ ಖರ್ಚು ಮಾಡಿ ಮನೆಗೇ ಅಂತ ಸ್ವಂತ ವಿದ್ಯುತ್ ಕಂಬ ಹಾಕಿಸಿಕೊಂಡರು ಅಂತ 2016ರಲ್ಲಿ ವರದಿಯಾಗಿತ್ತು. ಭಾವ ಆ ಸುದ್ದಿಯನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದಾರೆ. ಇರೋದು 30x40 ಸೈಟು. ಕಂಬ ನೆಡಬೇಕಾದರೆ ಅಕ್ಕನ ಸ್ಕೂಟಿಯನ್ನು ರಸ್ತೆಗೆ ಹಾಕಬೇಕು. ಆ ಮಾತನ್ನು ಅಕ್ಕನ ಹತ್ತಿರ ನಾನೇ ಎತ್ತಬೇಕಂತೆ.