ಬಿಳಿ ಎರಡರ ಗಿಟಾರ್

ಸೆಕೆಂಡ್ ಹ್ಯಾಂಡ್ ಗಿಟಾರ್ ಮಾರುವವರು ತಪ್ಪದೇ ಹೇಳುವ ಮಾತೊಂದಿದೆ: ‘ಹೆಚ್ಚು ಬಳಸಿಲ್ಲ.’ ಬೈಕು, ಫ್ರಿಜ್ಜು ಮಾರುವವರೂ ಇದನ್ನೇ ಹೇಳುತ್ತಾರೆ, ನಾವು ನಂಬುವುದಿಲ್ಲ. ಗಿಟಾರಿನ ವಿಷಯದಲ್ಲಿ ಮಾತ್ರ ಅದು ಅಪ್ಪಟ ಸತ್ಯ. ಹತ್ತನೆಯ ತರಗತಿ ಪಾಸಾದ ಖುಷಿಗೆ ಕೊಡಿಸಿದ ಗಿಟಾರ್ ಪಿಯುಸಿ ಟ್ಯೂಷನ್ ಶುರುವಾಗುವುದರೊಳಗೆ ಅಟ್ಟ ಸೇರಿರುತ್ತದೆ. ದಾವಣಗೆರೆಯಂಥ ಕಾಲೇಜುಗಳ ಊರಿನಲ್ಲಿ ಹಾಸ್ಟೆಲ್ ಖಾಲಿ ಮಾಡುವ ಹುಡುಗರು ಬಿಟ್ಟುಹೋದವೂ ಇವುಗಳ ಜೊತೆ ಸೇರಿಕೊಳ್ಳುತ್ತವೆ. ನಾನು ಕೊಂಡದ್ದು ಅಂಥದ್ದೇ ಒಂದನ್ನು. ಕೊಟ್ಟ ದುಡ್ಡು, ಮನೆಮಂದಿಯೆಲ್ಲ ಹೋಗಿ ಬೆಣ್ಣೆದೋಸೆ ತಿಂದು ಬರುವ ಖರ್ಚಿಗಿಂತ ತುಸು ಹೆಚ್ಚು.

ಹೀಗೆ ಬಿಟ್ಟವರಿಗೆ ಸಂಗೀತ ಒಲಿಯಲಿಲ್ಲ ಎಂದು ಅವರವರ ಮನೆಯವರು ತೀರ್ಮಾನಿಸಿಬಿಟ್ಟಿರುತ್ತಾರೆ. ಪಾಪ, ಅನೇಕರದು ಬೆರಳಿನ ಸಮಸ್ಯೆಯೇ ಹೊರತು ಕಿವಿಯದಲ್ಲ. ಗಿಟಾರಿನ ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಲ್ಲಿ (ಫ್ರೆಟ್ಟು) ಹನ್ನೆರಡನೆಯದರ ಮೇಲೆ ದಪ್ಪ ತಂತಿ ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಒತ್ತುವ ಬೆರಳಿಗೆ ನೆಮ್ಮದಿ. ನಾನು ತಂದದ್ದರಲ್ಲಿ ಅದು 5 ಮಿಲಿಮೀಟರ್ ಹತ್ತಿರವಿತ್ತು. ಅದನ್ನು ಅದುಮಿ ಹಿಡಿದು ಹಾಡು ಹೊರಡಿಸಬೇಕಾದವನು ಮೊದಲು ಕಲ್ಲುಕ್ವಾರಿಯಲ್ಲಿ ಕೆಲಸ ಮಾಡಿರಬೇಕು.

ತಂತಿ ಮೇಲೇಳುವುದಕ್ಕೆ ಕಾರಣವಿದೆ. ಆರು ಉಕ್ಕಿನ ತಂತಿಗಳು ಶ್ರುತಿಗೆ ಬಂದಾಗ ಒಟ್ಟು 70 ಕಿಲೋಗೂ ಹೆಚ್ಚಿನ ಬಲದಿಂದ ಜಗ್ಗುತ್ತವೆ. ತಡೆಯಲು ಇರುವುದು ಸುಮಾರು 3 ಮಿಲಿಮೀಟರ್ ದಪ್ಪದ ಹಲಗೆ, ಒಳಗಿನಿಂದ ಅಂಟಿಸಿದ ಕೆಲವು ಪಟ್ಟಿಗಳು, ಮೇಲೆ ಬರೀ ಅಂಟನ್ನು ನಂಬಿ ಕೂತ ಬ್ರಿಡ್ಜ್, ಅಂದರೆ ತಂತಿಗಳ ಬುಡವನ್ನು ಹಿಡಿದಿಡುವ ಮರದ ತುಂಡು. ಈ ಮರಕ್ಕೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ನಮ್ಮೂರಿನ ಏಪ್ರಿಲ್ ತಿಂಗಳಿಗೆ ಈ ವಿಷಯವನ್ನು ಯಾರೂ ತಿಳಿಸಿಲ್ಲ. ಶೀಟಿನ ಮನೆಯ ಅಟ್ಟದಲ್ಲಿ ಬೇಸಿಗೆ ಕಳೆದ ಬ್ರಿಡ್ಜಿನ ಹಿಂಭಾಗ ಎದ್ದು, ಅದರಡಿ ಮದುವೆಯ ಕರೆಯೋಲೆಯನ್ನು ಸಲೀಸಾಗಿ ತೂರಿಸಬಹುದಿತ್ತು.

ಗಿಟಾರ್ ರಿಪೇರಿಗೆಂದೇ ಅಂಗಡಿ ಹುಡುಕುವುದನ್ನು ಬಿಟ್ಟು ಹಳೇ ದಾವಣಗೆರೆಯ ಬಡಗಿಯೊಬ್ಬರ ಬಳಿ ಒಯ್ದೆ. ಅವರು ಕೂಸನ್ನು ಎತ್ತಿಕೊಂಡಂತೆ ಅದನ್ನು ಎತ್ತಿ ತಿರುಗಿಸಿ ನೋಡಿ, ‘ಫೆವಿಕಾಲ್ ಹಾಕಿ ನಾಲ್ಕು ಮೊಳೆ ಹೊಡೆದುಬಿಡುತ್ತೇನೆ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲುಗುವುದಿಲ್ಲ’ ಎಂದರು. ಮೊಳೆಯೊಂದನ್ನು ಬಿಟ್ಟು ಬೇರೆ ಏನನ್ನಾದರೂ ಮಾಡಿ ಎಂದು ಬೇಡಿಕೊಂಡೆ. ಒದ್ದೆ ಬಟ್ಟೆಯ ಮೇಲಿಂದ ಇಸ್ತ್ರಿಪೆಟ್ಟಿಗೆ ಒತ್ತಿ, ಮೆತ್ತಗಾದ ಅಂಟಿನೊಳಗೆ ದೋಸೆ ಮಗುಚುವ ಕೈಯನ್ನು ಒಂದೊಂದೇ ಎಳೆ ತೂರಿಸಿ ಬ್ರಿಡ್ಜನ್ನು ಬಿಡಿಸಿದೆವು. ಮಗುಚುವ ಕೈ ನಮ್ಮ ಮನೆಯದು. ಅದು ಈಗ ಅಡುಗೆಮನೆಯ ಪೌರತ್ವ ಕಳೆದುಕೊಂಡಿದೆ. ಹಳೆಯ ಅಂಟನ್ನು ಪೂರ್ತಿ ಕೆರೆದು, ಮರಕ್ಕೆ ಮರ ತಾಗುವಂತೆ ಮಾಡಿ, ಹೊಸ ಅಂಟು ಹಚ್ಚಿ ಕ್ಲಾಂಪ್ ಬಿಗಿದು ಎರಡು ದಿನ ಮುಟ್ಟಬೇಡಿ ಎಂದರು. ಮೊಳೆ ಬೇಡವೆಂದದ್ದಕ್ಕೆ ಅವರಿಗೆ ಇವತ್ತಿಗೂ ಅಸಮಾಧಾನವಿದೆ.

ಆ ಬಿಡುವಿನಲ್ಲಿ ಫ್ರೆಟ್‌ಬೋರ್ಡ್ ಒರೆಸಲು ಕೂತೆ. ಎಣ್ಣೆ ಹಚ್ಚಿ ಉಜ್ಜಿದರೆ ಬಟ್ಟೆ ಕಪ್ಪಾಯಿತು, ಮರ ಬೆಳ್ಳಗಾಯಿತು. ಬೀಟೆ ಎಂದುಕೊಂಡದ್ದು ಬಣ್ಣ ಬಳಿದ ಯಾವುದೋ ಮರ! ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್‌ಗೆ, ಅಂದರೆ ಪಶ್ಚಿಮಘಟ್ಟದಲ್ಲೂ ಬೆಳೆಯುವ ನಮ್ಮ ಬೀಟೆಗೆ, ಬದಲಾಯಿಸಿಕೊಂಡಿತು. ಬೀಟೆ ಸಮುದ್ರ ದಾಟಿ ಅಮೆರಿಕ ತಲುಪಿತು. ಮಲೆನಾಡಿನ ಮಗ್ಗುಲಲ್ಲೇ ಇರುವ ನಮಗೆ ಸಿಕ್ಕಿದ್ದು ಕಪ್ಪು ಬಣ್ಣ.

ಕುತ್ತಿಗೆ ಬಾಗದಂತೆ ಅದರೊಳಗೆ ಇಟ್ಟಿರುವ ಕಂಬಿಯನ್ನು (ಟ್ರಸ್ ರಾಡ್) ಬೈಕ್ ಮೆಕ್ಯಾನಿಕ್ಕಿನ ಅಲೆನ್ ಕೀಯಿಂದ ತುಸು ಬಿಗಿ ಮಾಡಿದ್ದಾಯಿತು. ಉಳಿದದ್ದು ಸ್ಯಾಡಲ್, ಬ್ರಿಡ್ಜಿನ ಮೇಲೆ ತಂತಿಗಳು ಒರಗುವ ಪಟ್ಟಿ. ಪ್ಲಾಸ್ಟಿಕ್ಕಿನದನ್ನು ಕಿತ್ತು ಎಲುಬಿನದನ್ನು ಹಾಕಿದರೆ ನಾದ ಸ್ಪಷ್ಟವಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ತರಿಸಿದೆ. ಹನ್ನೆರಡನೆಯ ಫ್ರೆಟ್ಟು ತಂತಿಯ ನಟ್ಟನಡುವೆ ಇರುವುದರಿಂದ, ಸ್ಯಾಡಲ್ಲಿನ ಬುಡವನ್ನು ಒಂದು ಮಿಲಿಮೀಟರ್ ಸವೆಸಿದರೆ ಅಲ್ಲಿ ತಂತಿ ಅರ್ಧ ಮಿಲಿಮೀಟರ್ ಇಳಿಯುತ್ತದೆ. ಗಾಜಿನ ಮೇಲೆ ಪಾಲಿಶ್ ಪೇಪರ್ ಹಾಸಿ ಉಜ್ಜತೊಡಗಿದೆ. ಎಲುಬು ಸವೆದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ನಮ್ಮದು ಮೊಟ್ಟೆಯನ್ನೂ ಹೊಸ್ತಿಲು ದಾಟಲು ಬಿಡದ ಮನೆ. ಅವ್ವ ಮೂಗಿಗೆ ಸೆರಗು ಹಿಡಿದು ಬಂದು, ‘ಅದೇನೋ ಅದು?’ ಎಂದರು. ‘ಎಮ್ಮೆಯದು’ ಎಂದೆ. ಎಮ್ಮೆಯ ಹಾಲು, ಬೆಣ್ಣೆಯವರೆಗೆ ಮಾತ್ರ ಒಪ್ಪಂದವಿದ್ದಂತೆ ಕಾಣುತ್ತದೆ. ಉಳಿದ ಕೆಲಸ ತಾರಸಿಯ ಮೇಲೆ ನಡೆಯಿತು.

ತಂತಿ 3 ಮಿಲಿಮೀಟರ್‌ಗೆ ಇಳಿಯಿತು. ಶ್ರುತಿ ಮಾಡಲು ಆ್ಯಪ್ ಇದೆಯಾದರೂ, ನಾಟಕ ಕಂಪನಿಗಳಲ್ಲಿ ಕಾಲು ಹಾರ್ಮೋನಿಯಂ ತುಳಿದು ಬಂದ ಮೇಷ್ಟ್ರೊಬ್ಬರು ನಮ್ಮ ಬೀದಿಯಲ್ಲಿರುವಾಗ ಅದನ್ನು ತೆರೆಯುವುದು ಮರ್ಯಾದೆಯಲ್ಲ. ದಪ್ಪ ತಂತಿಯಿಂದ ಶುರುಮಾಡಿ ಒಂದೊಂದನ್ನೇ ಮಿಡಿಸಿ, ಹಾರ್ಮೋನಿಯಂನ ಬಿಳಿ, ಕಪ್ಪು ಮನೆಗಳಲ್ಲಿ ಹುಡುಕಿ ಹೇಳಿದರು: ಬಿಳಿ ಮೂರು, ಆರು, ಎರಡು, ಐದು, ಏಳು, ಮತ್ತೆ ಮೂರು. ‘ಒಂದೂ ಕಪ್ಪಿಲ್ಲವಲ್ಲ! ಇರಲಿ, ಇದರಲ್ಲಿ ಷಡ್ಜ ಯಾವುದಪ್ಪ?’ ನನ್ನಲ್ಲಿ ಉತ್ತರವಿರಲಿಲ್ಲ. ಅವರೇ ಗಿಟಾರಿನ ಶ್ರುತಿ ಕೀಲಿ ಹಿಡಿದು ಎರಡು ಅಂಚಿನ ತಂತಿಗಳನ್ನೂ ಬಿಳಿ ಏಳರದನ್ನೂ ಒಂದೊಂದು ಸ್ವರ ಇಳಿಸಿದರು. ಈಗ ಬಿಳಿ ಎರಡನ್ನು ಷಡ್ಜವಾಗಿಟ್ಟರೆ ಸ ಪ ಸ ಮ ಪ ಸ. ಇಂಗ್ಲೆಂಡಿನ ಜನಪದ ಗಿಟಾರಿಗರು 1960ರ ದಶಕದಿಂದ ಬಳಸುತ್ತಿರುವುದು ಇದೇ ಶ್ರುತಿಯನ್ನು; ಮೇಷ್ಟ್ರು ಯಾರನ್ನೂ ಕೇಳದೆ ಅಲ್ಲಿಗೆ ತಲುಪಿದ್ದರು. ಹಿಂದೂಸ್ತಾನಿ ಸಂಗೀತದ ವಿಶ್ವಮೋಹನ ಭಟ್ಟರು ಗಿಟಾರಿಗೆ ತಾವಾಗಿಯೇ ಅನುರಣಿಸುವ ತರಬ್ ತಂತಿಗಳನ್ನೇ ಕೂಡಿಸಿ ಮೋಹನವೀಣೆ ಮಾಡಿಕೊಂಡು 1994ರಲ್ಲಿ ಗ್ರ್ಯಾಮಿ ಪಡೆದರು. ನಮ್ಮ ಸುಧಾರಣೆ ಮೂರು ಕೀಲಿ ತಿರುಗಿಸುವಲ್ಲಿಗೆ ನಿಂತಿತು. ಬಿಗಿ ಕಡಿಮೆಯಾದದ್ದರಿಂದ ಮುದಿ ಬ್ರಿಡ್ಜಿಗೂ ಹಾಯೆನಿಸಿರಬೇಕು.

ಹಾಯೆನಿಸದೇ ಇರುವುದು ಅಕ್ಕನ ಮಗನಿಗೆ. ಅವನು ಕಲಿತ ಕಾರ್ಡುಗಳಲ್ಲಿ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಲ್ಲಿ, ಒಂದೂ ಈ ಶ್ರುತಿಯಲ್ಲಿ ನುಡಿಯುವುದಿಲ್ಲ. ಭಾನುವಾರ ಬಂದವನು ಬಿಳಿ ಮೂರಕ್ಕೆ ಏರಿಸುತ್ತಾನೆ, ಸೋಮವಾರ ಸಂಜೆ ಮೇಷ್ಟ್ರು ಬಿಳಿ ಎರಡಕ್ಕೆ ಇಳಿಸುತ್ತಾರೆ. ಈ ಏರಿಳಿತದಲ್ಲಿ ತೆಳುವಾದ ತಂತಿ ಪದೇಪದೇ ಹರಿಯುತ್ತದೆ. ನಾನು ಹೋಗುವ ಅಂಗಡಿಯಲ್ಲಿ ಬಿಡಿ ತಂತಿ ಕೊಡುವುದಿಲ್ಲ, ಇಡೀ ಸೆಟ್ಟನ್ನೇ ಕೊಳ್ಳಬೇಕು. ದುಡ್ಡನ್ನು ಇಬ್ಬರಲ್ಲಿ ಯಾರಿಂದ ವಸೂಲು ಮಾಡಬೇಕೆಂದು ಕೇಳಿದರೆ ಅವ್ವ, ‘ಎಮ್ಮೆಯನ್ನೇ ಕೇಳು’ ಎನ್ನುತ್ತಾರೆ.