ಸ್ಪಷ್ಟನೆ: ಕತ್ತರಿಸಿದ ಸ್ಪ್ರಿಂಗ್ ಲೋವರಿಂಗ್ ಸ್ಪ್ರಿಂಗ್ ಆಗುವುದಿಲ್ಲ

ಕಾರಿನ ಎತ್ತರ ತಗ್ಗಿಸಲೆಂದೇ ಮಾಡಿದ, ಚಕ್ರದ ಬಳಿ ಕೂರುವ ಸ್ಪ್ರಿಂಗೇ ಲೋವರಿಂಗ್ ಸ್ಪ್ರಿಂಗ್. ಕಲಬುರಗಿಯ ಕಾರು ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: "ಗ್ಯಾಸ್ ಕಟ್ಟರ್‌ನಿಂದ ಸ್ಪ್ರಿಂಗ್‌ನ ಒಂದು ಸುತ್ತು ಕತ್ತರಿಸಿದರೆ ಸಾಕು, ದುಬಾರಿ ಲೋವರಿಂಗ್ ಸ್ಪ್ರಿಂಗ್ ಯಾಕೆ?"

ಇದು ತಪ್ಪು. ಕಾರು ತಗ್ಗುವುದೇನೋ ನಿಜ. ಆದರೆ ಬೆಂಕಿ ತಾಗಿದ ಕಡೆ ಉಕ್ಕಿನ ಹದ ಕೆಡುತ್ತದೆ, ಅಲ್ಲಿಂದಲೇ ಮುರಿಯಬಹುದು. ಕತ್ತರಿಸಿದ ತುದಿ ತನ್ನ ಸೀಟಿನಲ್ಲಿ, ಅಂದರೆ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ, ಸರಿಯಾಗಿ ಕೂರುವುದಿಲ್ಲ. ಹುಮನಾಬಾದ್ ಕಡೆ ವೇಗವಾಗಿ ಹೋಗುವಾಗ ಒಂದು ಉಬ್ಬು ಹಾರಿ ಚಕ್ರ ಕೆಳಗೆ ಜೋತುಬಿದ್ದರೆ, ಸ್ಪ್ರಿಂಗ್ ಜಾಗ ಬಿಟ್ಟು ಸರಿಯಬಹುದು. ಆ ವೇಗದಲ್ಲಿ ಹಾಗಾದರೆ ಗತಿ ಏನು, ಹೇಳಿ?

ಊರಲ್ಲೇ ಮಾಡಿಸಿದ್ದೆಲ್ಲ ಕೆಟ್ಟದ್ದು ಅಂತಲ್ಲ. ಬ್ಯಾಟರಿ ಬ್ರಾಕೆಟ್, ಶಾಖ ತಡೆಯುವ ತಗಡು ನಮ್ಮ ವೆಲ್ಡಿಂಗ್ ಅಂಗಡಿಗಳಲ್ಲೇ ಚೆನ್ನಾಗಿ ಆಗುತ್ತವೆ. ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ (ಈ ಸ್ಪ್ರಿಂಗ್ ಇರುವ ಭಾಗ) ಮಾತ್ರ ಬೇಡವೇ ಬೇಡ.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ, ಕಾನೂನು ಒಪ್ಪದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು. ಹಾಕಿದ್ದು ಕಂಪನಿ ತಯಾರಿಸಿದ ಭಾಗವಾದರೂ ಅಷ್ಟೇ.